ಗೋಡೆಯಿಂದ ಇಳಿದ ಒಂಬತ್ತು

ಕಾಕಾ ತೀರಿಕೊಂಡ ಸುದ್ದಿಯನ್ನು ಅವರ ಹೆಂಡತಿಯೇ ಫೋನ್ ಮಾಡಿ ಹೇಳಿದರು. ಅತ್ತು ಮುಗಿದ ದನಿ. “ಕುಂತಲ್ಲೇ ಹೋದ್ರು ನೋಡವಾ. ಟೀವಿ ಮುಂದ. ಮ್ಯಾಚ್ ನಡದಿತ್ತು,” ಎಂದರು. ಸ್ವಲ್ಪ ತಡೆದು, “ಕುಂತಿದ್ರು ಅಂದ್ರ ನೀ ನಂಬತೀ ಏನು?” ಎಂದು ಕೇಳಿದರು. ನನಗೆ ಮೊದಲು ನಗು ಬಂತು, ಆಮೇಲೆ ಅಳು.

ನಂಬುವುದು ಕಷ್ಟವೇ. ಎಂಬತ್ತರ ದಶಕದಲ್ಲಿ ಸ್ಯಾನ್ ಮಟಿಯೋದಲ್ಲಿ ನಮ್ಮ ಅಪಾರ್ಟ್‌ಮೆಂಟಿನ ಎರಡು ಬೀದಿ ಆಚೆ ಅವರ ಮನೆ. ಹುಬ್ಬಳ್ಳಿಯವರು, ನನಗಿಂತ ಹದಿನೈದು ವರ್ಷವಾದರೂ ದೊಡ್ಡವರು. ನಾನು ಕೆಲಸಕ್ಕೆ ಸೇರಿದ ಕಂಪನಿಯಲ್ಲೇ ಮೆಕ್ಯಾನಿಕಲ್ ಎಂಜಿನಿಯರು. ನನಗೆ ಇನ್ನೂ ಡ್ರೈವಿಂಗ್ ಲೈಸೆನ್ಸು ಸಿಕ್ಕಿರಲಿಲ್ಲ. “ನಮ್ ಗಾಡ್ಯಾಗ ಬರ್ರಿ, ಅದಕ್ಕೇನು,” ಎಂದವರು ಲೈಸೆನ್ಸು ಸಿಕ್ಕ ಮೇಲೂ ನನ್ನನ್ನು ಬಿಡಲಿಲ್ಲ. ನಮ್ಮ ಮನೆಯಲ್ಲಿ ಎಲ್ಲರಿಗೂ ಅವರು ಕಾಕಾ. ನನ್ನ ಮಗಳ ಬಾಯಿಗೆ ಬಂದ ಮೊದಲ ಐದಾರು ಶಬ್ದಗಳಲ್ಲಿ ಅದೂ ಒಂದು.

ಫ್ರೀವೇಯಲ್ಲಿ ಅವರ ಪಕ್ಕ ಕೂರುವುದೆಂದರೆ ಜೀವ ಕೈಯಲ್ಲಿ ಹಿಡಿದುಕೊಂಡಂತೆ. ಒಂದು ಲೇನಿನಲ್ಲಿ ಎರಡು ನಿಮಿಷ ಇದ್ದರೆ ಹೆಚ್ಚು. ಎಡಗೈ ಸ್ಟಿಯರಿಂಗಿನ ಮೇಲೆ ತಾಳ ಹಾಕುತ್ತಿರುತ್ತಿತ್ತು, ಬಲಗೈ ರೇಡಿಯೋದ ಗುಂಡಿ ತಿರುಗಿಸುತ್ತಿತ್ತು. ಮೀಟಿಂಗಿನಲ್ಲಿ ಅವರ ಮೊಣಕಾಲು ಮೇಜನ್ನು ನಡುಗಿಸುತ್ತಿತ್ತು. ಕಾಫಿ ಲೋಟ ಹಿಡಿದುಕೊಂಡೇ ನಾವೆಲ್ಲ ಮಾತಾಡಬೇಕು. ಯುಗಾದಿಗೆ ಯಾವುದೋ ಸ್ಕೂಲಿನ ಹಾಲ್ ಬಾಡಿಗೆಗೆ ಹಿಡಿದು ನಾವು ನಲವತ್ತು ಮನೆಯವರು ಸೇರಿದರೆ, ಅವರು ಕುರ್ಚಿ ಹಾಕುವರು, ಕುರ್ಚಿ ತೆಗೆಯುವರು, ಒಬ್ಬಟ್ಟಿನ ತಟ್ಟೆ ಹಿಡಿದು ನಿಂತೇ ತಿನ್ನುವರು. “ಇವ್ರು ಕುಂತಿದ್ದು ನಾ ನೋಡಿದ್ದು ಮದುವಿ ಹಂದರದಾಗ ಮಾತ್ರ. ಅಲ್ಲೂ ಭಟ್ಟರು ಎರಡ ಸಲ ಬೈದ್ರು,” ಎನ್ನುತ್ತಿದ್ದರು ಅವರ ಹೆಂಡತಿ.

ಈ ಮನುಷ್ಯನನ್ನು ಬೇಸ್‌ಬಾಲ್ ಹೇಗೆ ಹಿಡಿಯಿತೋ! ಅದು ನಿಂತು ಕಾಯುವ ಆಟ. ನಾನೊಮ್ಮೆ ಕೇಳಿಯೂ ಕೇಳಿದೆ. “ಅದಕ್ಕ ಹಿಡೀತು. ನನಗ ಎಲ್ಲೂ ನಿಂದರಾಕ ಬರೂದಿಲ್ಲ. ಅಲ್ಲಿ ನಿಂತ್ರ ಒಳಗ ಓಡಿದಂಗ ಇರತೈತಿ,” ಎಂದರು.

ಹುಬ್ಬಳ್ಳಿಯಲ್ಲಿ ಕಾಲೇಜು ಟೀಮಿಗೆ ಕ್ರಿಕೆಟ್ ಆಡಿದ್ದವರು. ಇಲ್ಲಿ ಭಾನುವಾರಗಳಂದು ಊರಿನ ಮುನಿಸಿಪಲ್ ಮೈದಾನದಲ್ಲಿ ಆಡುವ ಒಂದು ಹವ್ಯಾಸಿ ತಂಡ ಸೇರಿದ್ದರು. ಸೇರಿಸಿದವನು ರೂಬೆನ್. ನಮ್ಮ ಕಂಪನಿಯ ಮಷೀನ್ ಶಾಪಿನಲ್ಲಿ ಲೇತ್ ನಡೆಸುತ್ತಿದ್ದ, ಅಗಲ ಭುಜದ, ಮೀಸೆಯ ಆಸಾಮಿ. ಕಾಕಾ ಮೊದಲ ದಿನ ಮೇಲಿಂದ ಬಂದ ಚೆಂಡನ್ನು ಕ್ರಿಕೆಟ್ ಅಭ್ಯಾಸಬಲದಿಂದ ಗ್ಲೌಸಿಲ್ಲದ ಕೈಯಿಂದ ಹಿಡಿದುಬಿಟ್ಟರಂತೆ. ಎಲ್ಲರೂ ಚಪ್ಪಾಳೆ ಹೊಡೆದರು. ರೂಬೆನ್ ಒಬ್ಬ ಮಾತ್ರ ಓಡಿಬಂದು ಬಿಯರ್ ಡಬ್ಬದ ಐಸ್ ತೆಗೆದು ಅವರ ಬೆರಳಿಗೆ ಒತ್ತಿ ಹಿಡಿದ. ಅಲ್ಲಿಂದ ಇಬ್ಬರೂ ಒಂದೇ ಕಡೆ. ಮೈದಾನದ ದೂರದ ಎಡಮೂಲೆಯಲ್ಲಿ ಕಾಕಾ, ನಡುವೆ ರೂಬೆನ್. ಕಾಕಾ ಬೆನ್ನ ಮೇಲೆ ಹದಿನಾಲ್ಕು, ರೂಬೆನ್ ಬೆನ್ನ ಮೇಲೆ ಒಂಬತ್ತು.

ಆ ಅಂಕಿಗಳ ಹುಚ್ಚು ಕಾಕಾಗೆ ಹತ್ತಿದ್ದು ದೊಡ್ಡ ಸ್ಟೇಡಿಯಮ್ಮಿನಲ್ಲಿ. ಒಂದು ಜುಲೈ ಮಧ್ಯಾಹ್ನ ನನ್ನನ್ನೂ ನನ್ನ ಗಂಡನನ್ನೂ ಕೊಲ್ಲಿಯ ಅಂಚಿನ ಆ ಬಯಲಿಗೆ ಎಳೆದುಕೊಂಡು ಹೋದರು. ಜುಲೈಯಲ್ಲಿ ಸ್ವೆಟರಿನ ಮೇಲೆ ಸ್ವೆಟರು, ಅದರ ಮೇಲೆ ಕಂಬಳಿ. ಗಾಳಿಗೆ ಕೈಯಲ್ಲಿದ್ದ ಪಾಪ್‌ಕಾರ್ನ್ ಹಿಂದಿನ ಸಾಲಿನವರ ಪಾಲಾಗುತ್ತಿತ್ತು. ಕಾಕಾ ಎದ್ದು ನಿಂತು ದೂರದ ಬೇಲಿಯತ್ತ ತೋರಿಸಿದರು. ಅಲ್ಲಿ ಬರೀ ಅಂಕಿಗಳು, ಆಳೆತ್ತರಕ್ಕೆ ಬರೆದಿದ್ದವು.

“ಅಲ್ನೋಡ್ರಿ. ಆ ನಂಬರ್ ಇನ್ನ ಮ್ಯಾಲೆ ಯಾರೂ ಹಾಕ್ಕೊಳ್ಳಂಗಿಲ್ಲ. ಆ ಮನಷ್ಯಾ ಅಂಥಾ ಆಟ ಆಡ್ಯಾನ. ಅವನ ಜೋಡಿ ಅವನ ನಂಬರಿಗೂ ರಿಟೈರ್‌ಮೆಂಟ್ ಕೊಟ್ಟಾರ.”

“ಅಂಕಿಗೆ ರಿಟೈರ್‌ಮೆಂಟಾ?” ಎಂದು ನನ್ನ ಗಂಡ ನಕ್ಕರು.

“ನಗಬ್ಯಾಡ್ರಿ. ನಮ್ ಕಡೆ ಕ್ರಿಕೆಟ್‌ನಾಗ ಎಲ್ಲಾರೂ ಬಿಳೀ ಅಂಗಿ. ಬೆನ್ನ ಮ್ಯಾಲೆ ಏನೂ ಇಲ್ಲ. ನೀ ಹೋದಿ ಅಂದ್ರ ನಿನ್ನ ಜಾಗಾಕ್ಕ ಇನ್ನೊಬ್ಬ ಬಂದ, ಮುಗೀತು. ಇಲ್ಲಿ ನೋಡ್ರಿ, ಇಂವ ಹೋದ ಅಂತ ಒಂದ ಅಂಕಿನs ಲೆಕ್ಕದಿಂದ ತಗದು ಇಟ್ಟಾರ!”

ಆ ಗೋಡೆಯ ಮೇಲಿನ ಆಟಗಾರರ ಕಥೆಗಳನ್ನೆಲ್ಲ ಕಾರಿನಲ್ಲಿ ಹೇಳುತ್ತಿದ್ದರು. ಒಬ್ಬ ತನ್ನ ಅಂಕಿಯನ್ನು ಗೋಡೆಗೆ ಏರಿಸಿದ ದಿನ ಮೈಕ್ ಹಿಡಿದು ಮಾತು ಬಾರದೆ ಟೋಪಿಯಲ್ಲಿ ಮುಖ ಮುಚ್ಚಿಕೊಂಡನಂತೆ. ಇನ್ನೊಬ್ಬ ಮುದುಕ ಆಟಗಾರ ಒಂದು ಶಾಪಿಂಗ್ ಸೆಂಟರಿನಲ್ಲಿ ಮಕ್ಕಳಿಗೆ ಸಹಿ ಹಾಕುತ್ತ ಕುಳಿತಿದ್ದಾಗ ಕಾಕಾ ಹೋಗಿ ಮಾತಾಡಿಸಿದ್ದರು. ಗೋಡೆ ಮೇಲೆ ನಿನ್ನ ಅಂಕಿ ನೋಡಿದರೆ ಏನನ್ನಿಸುತ್ತೆ ಅಂತ. ಆ ಮುದುಕ, “ನಾನು ಸತ್ತ ಹಾಗೆ, ನೋಡಲಿಕ್ಕೆ ಮಾತ್ರ ನನ್ನನ್ನು ಒಳಗೆ ಬಿಟ್ಟ ಹಾಗೆ,” ಎಂದನಂತೆ. ಕಾಕಾ ಇದನ್ನು ತಮಾಷೆ ಎಂದೇ ಹೇಳಿ ನಗುತ್ತಿದ್ದರು. ನಾನೂ ನಗುತ್ತಿದ್ದೆ.

ರೂಬೆನ್ ಮನೆ ಕೊಂಡು, ಬೆಳ್ಳುಳ್ಳಿ ಬೆಳೆಗೆ ಹೆಸರಾದ ಗಿಲ್‌ರಾಯ್‌ಗೆ ಹೋಗಿದ್ದ. ಅಲ್ಲಿಂದ ಭಾನುವಾರ ಬೆಳಿಗ್ಗೆ ಅಷ್ಟು ದೂರ ಕಾರು ಓಡಿಸಿಕೊಂಡು ಆಟಕ್ಕೆ ಬರುತ್ತಿದ್ದ, ಜೊತೆಗೆ ಬೆಳ್ಳುಳ್ಳಿ ಗೊಂಚಲು. ಅವನು ಬಂದದ್ದು ವಾಸನೆಯಿಂದಲೇ ತಿಳಿಯುತ್ತಿತ್ತು. ಅವನ ಹೆಂಡತಿ ಎಲೆನಾ ಮೈದಾನದ ಬೆಂಚಿನ ಮೇಲೆ ಕುಳಿತು ಹೆಣೆಯುತ್ತ, ಆಗಾಗ ತಲೆಯೆತ್ತಿ ಸ್ಪ್ಯಾನಿಷಿನಲ್ಲಿ ಏನಾದರೂ ಕೂಗುತ್ತಿದ್ದಳು. ಮಕ್ಕಳಿರಲಿಲ್ಲ.

ಒಂದು ವಸಂತದ ಮೊದಲಿಗೆ, ಆಟದ ಸೀಸನ್ನು ಶುರುವಾಗಲು ಇನ್ನೂ ಒಂದು ತಿಂಗಳಿದ್ದಾಗ, ರೂಬೆನ್ ಕೆಲಸದ ಜಾಗದಲ್ಲೇ ಎದೆ ಹಿಡಿದುಕೊಂಡು ಬಿದ್ದ. ಆಂಬುಲೆನ್ಸಿನಲ್ಲಿ ಜೊತೆಗೆ ಹೋದವರು ಕಾಕಾ. ಆಸ್ಪತ್ರೆ ಮುಟ್ಟುವಷ್ಟರಲ್ಲಿ ರೂಬೆನ್ ಹೋಗಿಬಿಟ್ಟಿದ್ದ. ಸಂಜೆ ನನ್ನನ್ನು ಮನೆಗೆ ಬಿಡುವಾಗ ಅವರು ಒಂದೇ ಲೇನಿನಲ್ಲಿ, ನಿಧಾನವಾಗಿ, ರೇಡಿಯೋ ಹಾಕದೆ ಓಡಿಸಿದರು. ನನಗೆ ಆ ದಿನ ಹೆಚ್ಚು ಭಯವಾಗಿತ್ತು.

ಒಂಬತ್ತನ್ನು ನಿವೃತ್ತಿ ಮಾಡಬೇಕು ಎಂದವರು ಅವರೇ. ತಂಡದವರೆಲ್ಲ ಒಪ್ಪಿದರು. ಕ್ಯಾಪ್ಟನ್ ಡೆನ್ನಿಸ್, ಹಾರ್ಡ್‌ವೇರ್ ಅಂಗಡಿ ಇಟ್ಟಿದ್ದ ಕೆಂಪು ಮುಖದ ಮನುಷ್ಯ, ಒಳ್ಳೆಯ ಮರ ಕೊಟ್ಟ. ಕಾಕಾ ತಮ್ಮ ಗ್ಯಾರೇಜಿನಲ್ಲಿ ವಾರಗಟ್ಟಲೆ ಕೂತು, ಅಲ್ಲ, ನಿಂತು, ಫ್ರೇಮು ಮಾಡಿದರು. ಉಜ್ಜಿದರು, ಪಾಲಿಶ್ ಹಚ್ಚಿದರು, ಒಣಗಿಸಿ ಮತ್ತೆ ಹಚ್ಚಿದರು. ಅಂತ್ಯಕ್ರಿಯೆಯಾದ ಮೇಲೆ ಅವರೂ ಡೆನ್ನಿಸನೂ ಇನ್ನಿಬ್ಬರೂ ಗಿಲ್‌ರಾಯ್‌ಗೆ ಹೋಗಿ ರೂಬೆನ್‌ನ ಅಂಗಿ ಕೇಳಿ ತಂದರು. ಸೀಸನ್ನಿನ ಮೊದಲ ಭಾನುವಾರ ಮೈದಾನದಲ್ಲಿ ಒಂದು ಪುಟ್ಟ ಸಮಾರಂಭ. ಎಲೆನಾ ಕಪ್ಪು ಉಡುಪಿನಲ್ಲಿ ಬಂದು ನಿಂತಿದ್ದಳು. ಕಾಕಾ ಮಾತಾಡಿದರು: ರೂಬೆನ್ ಇದ್ದ ಕಡೆ ಚೆಂಡು ನೆಲ ಮುಟ್ಟುತ್ತಿರಲಿಲ್ಲ, ಒಂಬತ್ತು ಇನ್ನು ಯಾರ ಬೆನ್ನಿಗೂ ಇಲ್ಲ ಅಂತ. ಎಲ್ಲರೂ ಚಪ್ಪಾಳೆ ತಟ್ಟಿದರು. ಎಲೆನಾ ಕೈ ಬೀಸಿದಳು. ಆಟ ಮುಗಿದ ಮೇಲೆ ಅವರು ಯಾವಾಗಲೂ ಸೇರುವ ಪಿಜ್ಜಾ ಅಂಗಡಿಯ ಗೋಡೆಗೆ, ಗಾಜಿನ ಹಿಂದೆ, ಆ ಅಂಗಿಯನ್ನು ಏರಿಸಿದರು.

ಜೂನ್ ತಿಂಗಳಲ್ಲಿ ಒಂದು ಶನಿವಾರ ಕಾಕಾ, ಅವರ ಹೆಂಡತಿ, ನಾನು ಮೂವರೂ ಗಿಲ್‌ರಾಯ್‌ಗೆ ಹೋದೆವು. ಬೆಳ್ಳುಳ್ಳಿ, ಹಸಿಮೆಣಸಿನಕಾಯಿ ಕೊಳ್ಳುವುದಿತ್ತು. ಹಾಗೇ ಎಲೆನಾಳನ್ನು ನೋಡಿಕೊಂಡು ಬರೋಣ ಎಂದಾಯಿತು. ಅವಳು ಸಂತೋಷಪಟ್ಟಳು, ಅಡುಗೆಮನೆಯಲ್ಲಿ ಕೂರಿಸಿ ಕಾಫಿ ಕೊಟ್ಟಳು. ಅದೂ ಇದೂ ಮಾತಾಡಿದೆವು. ಆಮೇಲೆ ಅವಳು ಬೇರೇನೋ ಕೇಳುವವಳ ಹಾಗೆ ಕೇಳಿದಳು:

“ಆ ಅಂಗಿ ಚೆನ್ನಾಗಿದೆಯಾ? ಬಿಸಿಲು ಬೀಳುತ್ತಾ ಅದರ ಮೇಲೆ?”

“ಇಲ್ಲ, ಇಲ್ಲ. ಬಿಸಿಲು ಬೀಳದ ಗೋಡೆ ನೋಡಿಯೇ ಹಾಕಿದ್ದೇವೆ. ಬಂದು ನೋಡು ಒಮ್ಮೆ,” ಎಂದರು ಕಾಕಾ ಇಂಗ್ಲಿಷಿನಲ್ಲಿ.

“ನನ್ನಿಂದ ಆಗಲ್ಲ,” ಎಂದಳು. ಮೇಜಿನ ಮೇಲೆ ಇಲ್ಲದ ಕಸವನ್ನು ಕೈಯಿಂದ ಗುಡಿಸಿದಳು. “ಅದು ಒಗೆಯೋ ಬುಟ್ಟಿಯಲ್ಲಿತ್ತು. ಅವನು ಹೋಗೋ ಹಿಂದಿನ ಭಾನುವಾರ ಪ್ರ್ಯಾಕ್ಟೀಸಿಗೆ ಹಾಕ್ಕೊಂಡಿದ್ದ. ಮಿಕ್ಕಿದ್ದೆಲ್ಲ ನನ್ನ ಅಕ್ಕ ಬಂದವಳು ಒಗೆದು ಮಡಚಿಬಿಟ್ಟಿದ್ದಳು. ಅದೊಂದೇ ಉಳಿದಿತ್ತು, ಅವನ ಬೆವರು ಇದ್ದದ್ದು. ನಾನು ದಿಂಬಿನ ಕೆಳಗೆ ಇಟ್ಕೊಂಡಿದ್ದೆ.”

“ಹಾಗಾದರೆ ಯಾಕೆ ಕೊಟ್ಟೆ?” ಎಂದರು ಕಾಕಾ. ದನಿ ಇಳಿದುಹೋಗಿತ್ತು.

“ನೀವೆಲ್ಲ ಬಾಗಿಲಲ್ಲಿ ಟೋಪಿ ತೆಗೆದು ನಿಂತಿದ್ರಿ. ಅಷ್ಟು ಪ್ರೀತಿಯಿಂದ ಬಂದಿದ್ರಿ. ಹೇಗೆ ಇಲ್ಲ ಅನ್ನಲಿ?”

ವಾಪಸು ಬರುವಾಗ ಕಾರಿನ ತುಂಬ ಬೆಳ್ಳುಳ್ಳಿ. ಊರು ಹತ್ತಿರವಾಗುತ್ತಿದ್ದಂತೆ ಕಾಕಾ ಒಮ್ಮೆಲೇ ಸ್ಟಿಯರಿಂಗಿಗೆ ಗುದ್ದಿದರು.

“ಕೊಡ್ತೀ ಏನು ಅಂತ ಕೇಳಿದ್ವಿ. ಕೊಡಾಕ ಮನಸೈತೇನು ಅಂತ ಕೇಳಲಿಲ್ಲಲ್ರೀ!”

ಅಲ್ಲಿಂದ ಅವರ ಚಡಪಡಿಕೆ ಬೇರೆ ಥರದ್ದಾಯಿತು. ಮೊದಲು ಅದರಲ್ಲಿ ಒಂದು ಖುಷಿಯಿತ್ತು, ಹುಡುಗಾಟವಿತ್ತು. ಈಗ ಮುಳ್ಳು ಚುಚ್ಚಿದವರ ಹಾಗೆ. ಅವತ್ತೇ ಡೆನ್ನಿಸ್‌ನ ಅಂಗಡಿಗೆ ಹೋದರು. ನಾನು ಬಣ್ಣದ ಡಬ್ಬಗಳ ಪಕ್ಕ ನಿಂತು ಕೇಳಿಸಿಕೊಂಡೆ.

“ಅವಳು ಬಂದಿದ್ದಳು, ಕೈ ಬೀಸಿದಳು,” ಎಂದ ಡೆನ್ನಿಸ್. “ಈಗ ದುಃಖದಲ್ಲಿ ಹಾಗೆ ಅನ್ನಿಸುತ್ತೆ. ಮುಂದೆ ಒಂದು ದಿನ ಅಲ್ಲಿ ಇದ್ದದ್ದೇ ಒಳ್ಳೆಯದಾಯ್ತು ಅಂತಾಳೆ. ಬೇಕಾದರೆ ಒಂಬತ್ತು ಹಾಕಿದ ಹೊಸ ಅಂಗಿ ಹೊಲಿಸಿ ಕೊಡೋಣ.”

“ಹೊಸದು ಏನು ಮಾಡ್ತಾಳೆ ಅವಳು?”

“ನೀನೇ ತಾನೆ ಹೇಳಿದ್ದು, ಅದು ತಂಡದ ಅಂಗಿ, ತಂಡದ ಗೌರವ ಅಂತ?”

“ಹೇಳಿದ್ದೆ. ತಪ್ಪಾಗಿ ಹೇಳಿದ್ದೆ.”

ಡೆನ್ನಿಸ್ ಕೆಟ್ಟವನಲ್ಲ. ರೂಬೆನ್‌ನ ಶವಪೆಟ್ಟಿಗೆ ಹೊತ್ತವರಲ್ಲಿ ಅವನೂ ಒಬ್ಬ. ಆ ಪಿಜ್ಜಾ ಅಂಗಡಿಗೆ ಹೋದಾಗಲೆಲ್ಲ ಗಾಜು ಮುಟ್ಟಿಯೇ ಕೂರುತ್ತಿದ್ದನಂತೆ. ಬೇರೆ ಆಟಗಾರರೂ ಹಾಗೇ. ಕಾಕಾ ಒಬ್ಬೊಬ್ಬರ ಮನೆಗೂ ಹೋದರು. ಮರುದಿನ ಕಾರಿನಲ್ಲಿ ನನಗೆ ವರದಿ. ಒಬ್ಬ ಅತ್ತನಂತೆ, ಆದರೆ ಇಳಿಸುವುದು ಬೇಡ ಎಂದನಂತೆ. ಇನ್ನೊಬ್ಬ ಬೈದನಂತೆ. ಎಲ್ಲರಿಗೂ ಆ ಅಂಗಿ ಗೋಡೆ ಮೇಲೆಯೇ ಬೇಕಾಗಿತ್ತು. “ನಾನs ಹತ್ತಿಸಿದೆ ಇವ್ರಿಗೆ ಈ ಹುಚ್ಚು,” ಎಂದು ಕಾಕಾ ಎಕ್ಸಿಟ್ ತಪ್ಪಿಸಿ, ಮುಂದಿನ ಎಕ್ಸಿಟ್‌ನಲ್ಲಿ ಹೊರಳಿ, ನಾವು ಆಫೀಸಿಗೆ ತಡವಾದ ದಿನಗಳು ಎಷ್ಟೋ.

ಜುಲೈಯಲ್ಲಿ ಒಂದು ಶುಕ್ರವಾರ ಆಫೀಸಿನಿಂದ ಬರುವಾಗ ಅವರು ಮನೆಯ ದಾರಿ ಬಿಟ್ಟು ಪಿಜ್ಜಾ ಅಂಗಡಿಯ ಮುಂದೆ ಕಾರು ನಿಲ್ಲಿಸಿದರು. ಇಂಜಿನ್ ಆರಿಸಲಿಲ್ಲ. “ಐದು ನಿಮಿಷ,” ಎಂದರು. ನನಗೆ ಯಾಕೋ ಅನುಮಾನ ಬಂದು ಹಿಂದೆಯೇ ಇಳಿದೆ.

ಒಳಗೆ ತಂಡದ ಮೂರ್ನಾಲ್ಕು ಜನ ಕುಳಿತಿದ್ದರು. ಡೆನ್ನಿಸನೂ ಇದ್ದ. ಕಾಕಾ ಯಾರನ್ನೂ ನೋಡದೆ ಒಂದು ಕುರ್ಚಿ ಎಳೆದು, ಶೂ ಬಿಚ್ಚಿ, ಅದರ ಮೇಲೆ ಹತ್ತಿದರು. ಫ್ರೇಮು ಭಾರವಾಗಿತ್ತು. ಎದೆಗೆ ಅವಚಿಕೊಂಡು ಇಳಿದರು.

“ಏನು ಮಾಡ್ತಿದ್ದೀಯ?” ಡೆನ್ನಿಸ್ ಎದ್ದು ನಿಂತ.

“ವಾಪಸು ಕೊಡ್ತಿದ್ದೀನಿ.”

“ಅದನ್ನು ತೆಗೆದುಕೊಂಡು ಆ ಬಾಗಿಲು ದಾಟಿದರೆ ನೀನು ಭಾನುವಾರ ಬರೋದು ಬೇಡ.”

ಕಾಕಾ ಅವನನ್ನು ನೋಡಿದರು. ನಲವತ್ತೆಂಟು ವಯಸ್ಸಿನ ಮನುಷ್ಯನಿಗೆ ಈ ದೇಶದಲ್ಲಿ ಇದ್ದ ಒಂದೇ ಬಳಗ ಅದು. ನಮ್ಮ ಯುಗಾದಿಯ ನಲವತ್ತು ಮನೆಗಳಲ್ಲಿ ಅವರಿಗೆ ಇಲ್ಲದ ಸಲಿಗೆ ಆ ಮೈದಾನದಲ್ಲಿತ್ತು. ಹೆಗಲಿನಿಂದ ಬಾಗಿಲು ನೂಕಿ ಹೊರಗೆ ಹೋದರು. ನಾನು ಅವರ ಶೂ ಎತ್ತಿಕೊಂಡು ಹಿಂದೆ ಓಡಿದೆ.

ಮರುದಿನ ಬೆಳಿಗ್ಗೆ ಗಿಲ್‌ರಾಯ್. ಎಲೆನಾ ಫ್ರೇಮನ್ನು ನೋಡಿ ಬಾಗಿಲಲ್ಲೇ ನಿಂತುಬಿಟ್ಟಳು. ವರಾಂಡದಲ್ಲಿ ಕಾಕಾ ಸ್ಕ್ರೂಡ್ರೈವರ್ ಹಿಡಿದು ಅದನ್ನು ಬಿಚ್ಚಲು ಕುಳಿತರು. ತಾವೇ ಮಾಡಿದ್ದು, ಬಿಚ್ಚಬಾರದು ಎಂದೇ ಮಾಡಿದ್ದು. ಸ್ಕ್ರೂಗಳ ಮೇಲೆ ಅಂಟು, ಅಂಟಿನ ಮೇಲೆ ಪಾಲಿಶ್. ಕೊನೆಗೆ ಒಂದು ಮೂಲೆಯನ್ನು ಮುರಿಯಬೇಕಾಯಿತು. ಗಾಜು ಸರಿಸಿ ಅಂಗಿಯನ್ನು ಎರಡೂ ಕೈಯಲ್ಲಿ ಅವಳಿಗೆ ಕೊಟ್ಟರು.

ಅವಳು ಅದನ್ನು ಮುಖಕ್ಕೆ ಒತ್ತಿಕೊಂಡಳು. ಬಹಳ ಹೊತ್ತು. ಆಮೇಲೆ ಕತ್ತಿನ ಕಡೆ ಹುಡುಕಿದಳು, ಕಂಕುಳ ಕಡೆ ಹುಡುಕಿದಳು.

“ಇಲ್ಲ,” ಎಂದಳು ಮೆಲ್ಲಗೆ. “ಬರೀ ಪಾಲಿಶ್ ವಾಸನೆ.”

ಬೈಯುವ ದನಿಯಲ್ಲ, ಅವಳಷ್ಟಕ್ಕೆ ಅವಳು ಹೇಳಿಕೊಂಡದ್ದು. ಕಾಕಾ ಎದ್ದು ಅಂಗಳಕ್ಕೆ ಇಳಿದರು. ಬೇಲಿಯವರೆಗೆ ಹೋದರು, ಬಂದರು, ಮತ್ತೆ ಹೋದರು. ಅವರ ಕೈಗಳಲ್ಲಿ ಇನ್ನೂ ಮುರಿದ ಮರದ ತುಂಡು. ನಾನು ಎಲೆನಾಳ ಪಕ್ಕ ಕುಳಿತೆ. ಸ್ವಲ್ಪ ಹೊತ್ತಾದ ಮೇಲೆ ಅವಳು ತನ್ನ ಉಡುಪಿನ ಮೇಲೆಯೇ ಆ ಅಂಗಿ ತೊಟ್ಟುಕೊಂಡಳು. ಮೊಣಕಾಲಿನವರೆಗೆ ಬಂತು. ತೋಳು ಮಡಚಿಕೊಂಡು ಅಂಗಳಕ್ಕೆ ಇಳಿದು, ಕಾಕಾ ಕೈಯಿಂದ ಆ ತುಂಡನ್ನು ಬಿಡಿಸಿ ಎಸೆದಳು.

“ಟೊಮ್ಯಾಟೋ ಗಿಡಕ್ಕೆ ನೀರು ಹಾಕಬೇಕು. ಆ ಪೈಪ್ ಹಿಡಿ ಬಾ,” ಎಂದಳು.

ಆ ಬೇಸಿಗೆಯ ಉಳಿದ ಭಾನುವಾರಗಳು ಕಾಕಾಗೆ ಹೇಗೆ ಕಳೆದವೋ. ಕಾರು ತೊಳೆದರು, ತೊಳೆದ ಕಾರನ್ನು ಮತ್ತೆ ತೊಳೆದರು. ಕೊಲ್ಲಿಯ ಆಚೆ ಡಬ್ಲಿನ್ ಎಂಬ ಊರಿನ ಕಡೆ ಹೊಸ ಮನೆ ಕಟ್ಟುತ್ತಿದ್ದಾರಂತೆ ಎಂದು ಕೊಳ್ಳುವ ಉದ್ದೇಶವೇ ಇಲ್ಲದೆ ಹೋಗಿ ನೋಡಿ ಬಂದರು. ಮೈದಾನದ ರಸ್ತೆಯನ್ನು ಮಾತ್ರ ತಪ್ಪಿಸಿ, ಸುತ್ತು ಹಾಕಿ ಗ್ರೋಸರಿಗೆ ಹೋಗುತ್ತಿದ್ದರು. “ನಿಮ್ಮ ಮನಿಗೆ ಕರಕೊಳ್ಳವಾ ಇವ್ರನ್ನ ಒಂದಿನ, ಮನ್ಯಾಗ ನೆಲಾ ಸವೀತು,” ಎಂದು ಅವರ ಹೆಂಡತಿ ನನಗೆ ಫೋನ್ ಮಾಡುತ್ತಿದ್ದರು. ಬಂದರೆ ನನ್ನ ಮಗಳಿಗೆ ಅಂಗಳದಲ್ಲಿ ಚೆಂಡು ಎಸೆಯುವರು. ಅವಳು “ಕಾಕಾ, ಒನ್ ಮೋರ್!” ಎನ್ನುವಳು. ಅವರ ಕಣ್ಣು ಎಲ್ಲೋ ಇರುತ್ತಿತ್ತು.

ಸೆಪ್ಟೆಂಬರಿನಲ್ಲಿ ಕಾಕಾ ಮನೆಗೆ ಡೆನ್ನಿಸ್ ಬಂದ. ಮಗಳನ್ನು ಕರೆದುಕೊಂಡು ಹೋಗಲು ನಾನೂ ಅಲ್ಲಿಗೆ ಹೋಗಿದ್ದೆ. ಅವನು ಒಳಗೆ ಬರಲಿಲ್ಲ, ಹೊಸ್ತಿಲ ಆಚೆಯೇ ನಿಂತು ಹೇಳಿದ. ಅಂಗಿ ವಾಪಸು ತರಲೇಬೇಕು ಎಂದು ಗಿಲ್‌ರಾಯ್‌ಗೆ ಹೋಗಿದ್ದನಂತೆ. ಎಲೆನಾ ಆ ಅಂಗಿ ತೊಟ್ಟು ಗಿಡಗಳ ನಡುವೆ ಬಗ್ಗಿದ್ದಳಂತೆ. ರಸ್ತೆಯಿಂದಲೇ ಬೆನ್ನ ಮೇಲಿನ ಒಂಬತ್ತು ಕಂಡಿತಂತೆ.

“ಕೇಳೋಕೆ ಬಾಯಿ ಬರಲಿಲ್ಲ. ಟೊಮ್ಯಾಟೋ ಕೊಟ್ಟು ಕಳಿಸಿದಳು,” ಎಂದ. ಆಮೇಲೆ ನೆಲ ನೋಡುತ್ತ, “ಭಾನುವಾರ ಬಾ. ಎಡಮೂಲೆಯಲ್ಲಿ ಯಾರೂ ಸರಿಯಾಗಿ ನಿಲ್ತಾ ಇಲ್ಲ.”

“ನನ್ನ ಹದಿನಾಲ್ಕು?”

“ಅದನ್ನು ಬೇರೆಯವನಿಗೆ ಕೊಟ್ಟಾಯ್ತು. ಹೊಸ ಸೆಟ್ ಹೊಲಿಸಿದಾಗ ಅಂಗಡಿಯವನು ತಪ್ಪಿ ಒಂಬತ್ತನ್ನೂ ಹಾಕಿ ಕಳಿಸಿದ್ದಾನೆ. ಅದೊಂದೇ ಉಳಿದಿರೋದು.”

ಅವನು ಚಾಚಿದ ಅಂಗಿಯ ಪೊಟ್ಟಣವನ್ನು ಕಾಕಾ ಮುಟ್ಟಲಿಲ್ಲ. “ಕೇಳಿ ಬರ್ತೀನಿ,” ಎಂದರು.

“ಯಾರನ್ನ?”

ಕಾಕಾ ಆಗಲೇ ಕಾರಿನ ಕೀಲಿ ತೆಗೆದುಕೊಂಡಿದ್ದರು. ಫೋನ್ ಮಾಡಬಹುದಿತ್ತು. ಆದರೆ ಆ ಬಾಗಿಲಿಗೇ ಹೋಗಿ ಕೇಳಬೇಕು ಎಂದು ಅವರಿಗೆ ಅನ್ನಿಸಿರಬೇಕು. ನಡೆದದ್ದನ್ನು ಸೋಮವಾರ ಕಾರಿನಲ್ಲಿ ಎರಡೆರಡು ಸಲ ಹೇಳಿದರು. ಎಲೆನಾ ಪೂರ್ತಿ ಕೇಳಿಸಿಕೊಂಡು, “ನಂಬರಾ?” ಎಂದಳಂತೆ. “ಅವನಿಗೆ ಬೇಕಾಗಿದ್ದು ಏಳು. ಡಬ್ಬದಲ್ಲಿ ಉಳಿದಿದ್ದು ಒಂಬತ್ತು. ಮನೆಗೆ ಬಂದು ಒಂದು ವಾರ ಗೊಣಗಿದ. ಹಾಕ್ಕೋ ನೀನು. ನಾನು ಬಂದು ನೋಡ್ತೀನಿ.”

ಮುಂದಿನ ಭಾನುವಾರ ಅವಳು ಬಂದಳು. ಸಮಾರಂಭದ ದಿನದ ನಂತರ ಅದೇ ಮೊದಲು. ನಾನೂ ಹೋಗಿದ್ದೆ, ಅವಳ ಪಕ್ಕದಲ್ಲಿ ಬೆಂಚಿನ ಮೇಲೆ. ಮೋಡ ಕವಿದ ದಿನ, ಬೆಟ್ಟದ ಕಡೆಯಿಂದ ಮಂಜು ಇಳಿಯುತ್ತಿತ್ತು. ಕಾಕಾ ದೂರದಲ್ಲಿ ಹೊಸ ಅಂಗಿ ತೊಟ್ಟು ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ತೂಗುತ್ತ ನಿಂತಿದ್ದರು. ತಂಡದವರು ಅವರ ಜೊತೆ ಹೆಚ್ಚು ಮಾತಾಡಲಿಲ್ಲ. ಮೈದಾನವೇ ಏನನ್ನೋ ಕಾಯುತ್ತಿರುವ ಹಾಗಿತ್ತು.

ನಡು ಆಟದಲ್ಲಿ ಒಂದು ಚೆಂಡು ಎತ್ತರಕ್ಕೆ ಹಾರಿ ಅವರ ಕಡೆಗೇ ಬಂತು. ಸುಲಭದ್ದು. ಕಾಕಾ ಹಿಂದೆ ಹಿಂದೆ ಸರಿದು ಗ್ಲೌಸು ಎತ್ತಿದರು. ಚೆಂಡು ಗ್ಲೌಸಿನ ಅಂಚಿಗೆ ತಾಗಿ ಅವರ ಭುಜದ ಮೇಲಿಂದ ಹಿಂದೆ ಬಿತ್ತು.

ಡೆನ್ನಿಸ್ ಚೆಂಡನ್ನು ಬಿಟ್ಟು ಎಲೆನಾಳನ್ನು ನೋಡಿದ. ಅವಳು ಎದ್ದು ನಿಂತಿದ್ದಳು. ಬಾಯಿಗೆ ಎರಡೂ ಕೈ ಹಿಡಿದು ಸ್ಪ್ಯಾನಿಷಿನಲ್ಲಿ ಏನೋ ಉದ್ದಕ್ಕೆ ಕೂಗಿದಳು. ಬೈಗುಳವೇ ಇರಬೇಕು, ಭಾಷೆ ಬಲ್ಲ ಇಬ್ಬರು ತಲೆ ತಗ್ಗಿಸಿದರು. ಆಮೇಲೆ ಕುಳಿತು ನನ್ನ ಕಡೆ ತಿರುಗಿದಳು.

“ರೂಬೆನ್ ಎಷ್ಟು ಬಿಟ್ಟಿದ್ದಾನೆ ಗೊತ್ತಾ? ರಾಶಿ! ಪ್ರತಿ ಸಲ ಬಿಸಿಲು ಕಣ್ಣಿಗೆ ಹೊಡೀತು ಅಂತಿದ್ದ. ಮಂಜು ಮುಸುಕಿದ ದಿನವೂ.”

ನಾವಿಬ್ಬರೂ ಮೈದಾನದತ್ತ ನೋಡಿದೆವು. ಕಾಕಾ ಓಡುತ್ತ ಓಡುತ್ತಲೇ ಕೈಯೆತ್ತಿ ತಂಡದವರಿಗೆ ಬೂದು ಬಣ್ಣದ ಆಕಾಶವನ್ನು ತೋರಿಸುತ್ತಿದ್ದರು. ಎಲೆನಾ ನಕ್ಕಳು. ಪಕ್ಕದ ಬೆಂಚಿನವರು ತಿರುಗಿ ನೋಡುವಷ್ಟು ಜೋರಾಗಿ, ಹೊಟ್ಟೆ ಹಿಡಿದುಕೊಂಡು, ಕಣ್ಣು ಒರೆಸಿಕೊಳ್ಳುತ್ತ ನಕ್ಕಳು. ಬೇಲಿಯ ಕಡೆ ಉರುಳುತ್ತಿದ್ದ ಚೆಂಡಿನ ಹಿಂದೆ ಒಂಬತ್ತು ಇನ್ನೂ ಓಡುತ್ತಿತ್ತು.